ಫೌಂಡ್ರಿ ಗೇಟಿನ ಮುಂದೆ ಒಂದು ಫೋಟೋ

ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡವನು ಎಷ್ಟೇ ಪರಿಚಿತನಾಗಿರಲಿ, ಆ ಕ್ಷಣದಿಂದ ತನ್ನ ಊರಿಗೇ ಪರಕೀಯನಾಗಿಬಿಡುತ್ತಾನೆ. ನಂಬಿಕೆಯಿಲ್ಲದಿದ್ದರೆ ನೀವೇ ಒಮ್ಮೆ ಪರೀಕ್ಷಿಸಿ ನೋಡಿ. ನೀವು ಚಡ್ಡಿ ಹಾಕಲು ಕಲಿಯುವ ಮೊದಲಿನಿಂದಲೂ ನಿಮ್ಮನ್ನು ಬಲ್ಲ ಹಿರಿಯರು ಎದ್ದು ನಿಂತು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾರೆ. ಬೆಳಗಿನಿಂದ ಜಗುಲಿಯ ಮೇಲೆ ಕೂತು ಕಿತ್ತಾಡುತ್ತಿದ್ದ ಅಣ್ಣತಮ್ಮಂದಿರು ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು ರಾಮಲಕ್ಷ್ಮಣರಾಗುತ್ತಾರೆ. ಉಳಿದವರೆಲ್ಲ ಸಲಹೆಗಾರರು: ಬೆಳಕು ಎಲ್ಲಿಂದ ಬರಬೇಕು, ನೀವು ಎಲ್ಲಿ ನಿಲ್ಲಬೇಕು, ಮುಖ್ಯವಾಗಿ ಏನನ್ನು ತೆಗೆಯಬಾರದು ಎಂಬ ವಿಷಯದಲ್ಲಿ ನಮ್ಮ ಜನರಿಗಿರುವ ಜ್ಞಾನ ಅಪಾರವಾದದ್ದು.

ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ನಾನು ಹೀಗೆ ಕ್ಯಾಮೆರಾಧಾರಿಯಾಗಿ ನಮ್ಮೂರು ಜರಗನಹಳ್ಳಿಗೆ ಬಂದಿಳಿದೆ. ಚಿತ್ರದುರ್ಗದ ಕಾಲೇಜೊಂದರಲ್ಲಿ ಇತಿಹಾಸದ ಮೇಷ್ಟ್ರಾಗಿದ್ದ ನಾನು ವರ್ಷವರ್ಷವೂ ಕೈಗಾರಿಕಾ ಕ್ರಾಂತಿಯ ಪಾಠ ಮಾಡುತ್ತ, ಎಂದೂ ಕಾಣದ ಮ್ಯಾಂಚೆಸ್ಟರಿನ ಹೊಗೆಯನ್ನು ಎಷ್ಟು ರಸವತ್ತಾಗಿ ವರ್ಣಿಸುತ್ತಿದ್ದೆನೆಂದರೆ, ಮುಂದಿನ ಬೆಂಚಿನ ಹುಡುಗರು ಕೆಮ್ಮುತ್ತಿದ್ದರು. ಒಂದು ದಿನ ನನಗೇ ನಾಚಿಕೆಯಾಯಿತು. ಕಾರ್ಖಾನೆಯ ಗೋಡೆಗೆ ಆತುಕೊಂಡ ಮನೆಯಲ್ಲಿ ಬೆಳೆದವನು ನಾನು. ಪರದೇಶದ ಹೊಗೆಯನ್ನು ಎರವಲು ತರುವ ದರಿದ್ರವೇಕೆ? ಹಾಗೆಂದುಕೊಂಡು, ಹೊಗೆಯ ಬದಲಿಗೆ ಸಹೋದ್ಯೋಗಿಯೊಬ್ಬರ ಕ್ಯಾಮೆರಾ ಎರವಲು ತಂದೆ. ಎರಕದ ಊರಿಗೆ ಎರವಲು ಕ್ಯಾಮೆರಾ.

ಎರಕದ ಊರು ಎಂದೆನಲ್ಲ, ವಿವರಿಸುತ್ತೇನೆ. ನಾನು ಶಾಲೆಯಲ್ಲಿದ್ದಾಗ ಕನಕಪುರ ರಸ್ತೆಯ ಬದಿಯಲ್ಲಿ, ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ, ಒಂದೊಂದಾಗಿ ಶೆಡ್ಡುಗಳೆದ್ದವು. ಅವುಗಳಲ್ಲಿ ದೊಡ್ಡದು ಕಬ್ಬಿಣ ಕರಗಿಸಿ ಯಂತ್ರದ ಭಾಗಗಳನ್ನು ಎರಕ ಹೊಯ್ಯುವ ಫೌಂಡ್ರಿ. ನಮ್ಮಪ್ಪ ಅಲ್ಲಿ ಮರಳಿನ ಅಚ್ಚು ಕಟ್ಟುತ್ತಿದ್ದರು. ಒಣಗಲು ಹಾಕಿದ ಬಿಳಿ ಪಂಚೆ ಸಂಜೆಯ ವೇಳೆಗೆ ಬೂದು ಬಣ್ಣಕ್ಕೆ ತಿರುಗುವುದು ಪಂಚಭೂತಗಳ ಸಹಜ ಧರ್ಮವೆಂದೇ ನಾನು ಬಾಲ್ಯವಿಡೀ ನಂಬಿದ್ದೆ.

ನನ್ನಕ್ಕ ಸಾವಿತ್ರಿ ಮದುವೆಯಾದ ಮೇಲೂ ಅದೇ ಬೀದಿಯಲ್ಲಿ ಉಳಿದವಳು. ಆ ಕರೀ ಗೋಡೆಯ ಫೋಟೋ ತೆಗೆಯಲು ಅಷ್ಟು ದೂರದಿಂದ ಬಂದೆನೆಂದು ಕೇಳಿ ಅವಳಿಗೆ ನನ್ನ ತಲೆಯ ಬಗ್ಗೆಯೇ ಸಂದೇಹ ಬಂತು. ಹೊಸ ಸೀರೆ ಉಟ್ಟುಕೊಳ್ಳುತ್ತೇನೆ, ಜಯನಗರದ ಶಾಪಿಂಗ್ ಕಾಂಪ್ಲೆಕ್ಸಿನ ಮುಂದೆ ನಿಲ್ಲಿಸಿ ತೆಗೆ, ಊರಿನ ಮರ್ಯಾದೆಯನ್ನು ದುರ್ಗದ ಹುಡುಗರ ಮುಂದೆ ಕಳೆಯಬೇಡ ಎಂದಳು. ನಾನು ನಕ್ಕು ಹೊರಟೆ. ಬೆಳಗಿನ ಓರೆ ಬಿಸಿಲಿನಲ್ಲಿ ಮಸಿ ಹಿಡಿದ ಚಿಮಣಿ, ಊಟದ ಡಬ್ಬಿ ಹಿಡಿದು ಒಳಹೋಗುವ ಕೆಲಸಗಾರರು, ಹಿಂಬದಿಯಲ್ಲಿ ಕುಲುಮೆಯ ಕಿಟ್ಟ ಸುರಿದ ಗುಡ್ಡೆಯಲ್ಲಿ ಅರೆಬೆಂದ ಕಲ್ಲಿದ್ದಲು ಆಯುವ ಹೆಂಗಸರು, ಇವರನ್ನೆಲ್ಲ ತೆಗೆದೆ. ನಾನು ಮಹಾ ಕಲಾವಿದನೆಂಬ ಭ್ರಮೆ ನೆತ್ತಿಗೇರುತ್ತಿದ್ದಾಗ ಗೇಟಿನ ಎದುರು ಗೌರಕ್ಕನ ಹೋಟೆಲು ಕಂಡಿತು.

ಹೋಟೆಲೆಂದರೆ ತಗಡಿನ ಮಾಡು, ಎರಡು ಬೆಂಚು, ಇಡ್ಲಿ ಪಾತ್ರೆ. ಗೌರಕ್ಕನ ಗಂಡ ಮುನಿಯಪ್ಪ ನಮ್ಮಪ್ಪನ ಜೊತೆಗಾರ. ಕುಲುಮೆಯ ಬಳಿ ಕರಗಿದ ಕಬ್ಬಿಣ ಹೊರುವ ಕೆಲಸ ಅವನದು. ನಾನು ಕಾಲೇಜು ಓದುತ್ತಿದ್ದಾಗ ಆ ಕಬ್ಬಿಣ ಕಾಲ ಮೇಲೆ ಚೆಲ್ಲಿ, ಆಸ್ಪತ್ರೆಯಲ್ಲಿ ನರಳಿ ಸತ್ತ. ಆಮೇಲೆ ಗೌರಕ್ಕ ಗೇಟಿನ ಎದುರಿಗೇ ಒಲೆ ಹೂಡಿದಳು. ನಾನು ಕ್ಯಾಮೆರಾ ಎತ್ತಿದ ಕೂಡಲೇ ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ನಂದು ಬೇಡ ಕಣಪ್ಪ. ಫೋಟೋ ಸುಳ್ಳು ಹೇಳ್ತದೆ."

ಈ ಮಾತು ಹುಟ್ಟಿದ್ದೆಲ್ಲಿಂದ ಎಂಬುದು ನನಗೆ ಗೊತ್ತಿತ್ತು, ನಿಮಗೂ ಗೊತ್ತಿರಲಿ. ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ಸುರಕ್ಷತೆಯ ಹೆಸರಿನಲ್ಲಿ ಒಂದು ಸಮಾರಂಭ ನಡೆಯುತ್ತಿತ್ತು. ಸ್ಟುಡಿಯೋದವನು ಬರುತ್ತಿದ್ದ. ಕೆಲಸಗಾರರನ್ನೆಲ್ಲ ಸಾಲಾಗಿ ನಿಲ್ಲಿಸಿ, ಬುಟ್ಟಿಗಳಲ್ಲಿ ತಂದ ಹೆಲ್ಮೆಟ್ಟು, ಕೈಗವಸು, ದಪ್ಪ ಚರ್ಮದ ಬೂಟುಗಳನ್ನು ಹಂಚುತ್ತಿದ್ದರು. ಫೋಟೋ ಕ್ಲಿಕ್ಕಾದ ಮೇಲೆ ಎಲ್ಲವನ್ನೂ ಕಳಚಿಸಿ ಮತ್ತೆ ಬುಟ್ಟಿಗೆ ತುಂಬಿ ಬೀಗ ಹಾಕುತ್ತಿದ್ದರು. ನಮ್ಮ ಮನೆಯಲ್ಲೂ ಅಂಥದೊಂದು ಫೋಟೋ ಇತ್ತು. ಅದರಲ್ಲಿ ಅಪ್ಪ ಯುದ್ಧಕ್ಕೆ ಹೊರಟ ಸೇನಾನಿಯಂತೆ ಕಾಣುತ್ತಿದ್ದರು. ಅದನ್ನು ನೋಡಿ ನಾನು ಹೆಮ್ಮೆ ಪಟ್ಟಾಗಲೆಲ್ಲ ಅಪ್ಪ ಮಾತಾಡದೆ ಎದ್ದು ಹೋಗುತ್ತಿದ್ದುದೇಕೆಂದು ಆಗ ತಿಳಿಯುತ್ತಿರಲಿಲ್ಲ. ಮುನಿಯಪ್ಪ ಸತ್ತಾಗ ಕಾರ್ಖಾನೆಯವರು ವಿಚಾರಣೆಯಲ್ಲಿ ಅದೇ ಫೋಟೋ ಹಾಜರುಪಡಿಸಿದರು. ನೋಡಿ, ಬೂಟು ಕೊಟ್ಟಿದ್ದೆವು, ಎರಡನೇ ಸಾಲಿನಲ್ಲಿ ಹಾಕಿಕೊಂಡು ನಿಂತಿದ್ದಾನೆ, ಆ ದಿನ ಹಾಕಿಕೊಳ್ಳದಿದ್ದದ್ದು ಅವನ ಅಜಾಗರೂಕತೆ ಎಂದರು. ಚಿತ್ರ ನಿಚ್ಚಳವಾಗಿತ್ತು. ಗೌರಕ್ಕನ ಮಾತು ಯಾರಿಗೂ ಬೇಕಾಗಲಿಲ್ಲ. ಗಂಡನದೆಂದು ಅವಳು ಹೇಳಿಕೊಳ್ಳಬಹುದಾಗಿದ್ದ ಏಕಮಾತ್ರ ಭಾವಚಿತ್ರ ಅವನ ವಿರುದ್ಧವೇ ಸಾಕ್ಷಿ ನುಡಿಯಿತು.

ಅವಳಿಗೆ ಬೇಸರವಾಗಬಾರದೆಂದು ನಾನು ಗೇಟಿನ ಕಡೆ ತಿರುಗಿ ಅದರ ಚಿತ್ರ ತೆಗೆದೆ. ವಾಚ್‌ಮನ್ ಓಡಿಬಂದ. ಅವನ ಹಿಂದೆಯೇ ಹೊಸ ಮ್ಯಾನೇಜರು, ಇಸ್ತ್ರಿಯ ಗೆರೆ ಕೆಡದಂತೆ ನಡೆಯುವ ತರುಣ, ನಿಧಾನವಾಗಿ ಬಂದ. ಯಾವ ಪೇಪರಿನವರು ಎಂದು ವಿಚಾರಿಸಿದ. ಮೇಷ್ಟ್ರು ಎಂದೆ. ಕ್ಯಾಮೆರಾ ಚೆನ್ನಾಗಿದೆ, ನೋಡಬಹುದೇ ಎಂದು ಕೈಚಾಚಿದ. ಪ್ರಶಂಸೆಗೆ ಕರಗುವ ವಿಷಯದಲ್ಲಿ ಬೀಡುಕಬ್ಬಿಣ ನನ್ನ ಸಮಕ್ಕೆ ಬಾರದು, ಕೊಟ್ಟೆ. ಅವನು ಅದರ ಬೆನ್ನು ತೆರೆದು, ಕೋಳಿಯ ಕರುಳು ತೆಗೆಯುವವರಂತೆ ರೀಲನ್ನು ಪೂರ್ತಿ ಹೊರಗೆಳೆದು ಬಿಸಿಲಿಗೆ ಹಿಡಿದ. ನನ್ನ ಬೆಳಗು, ಕಲ್ಲಿದ್ದಲು ಆಯುವ ಹೆಂಗಸರು, ಡಬ್ಬಿ ಹಿಡಿದವರು, ಎಲ್ಲರೂ ಒಂದು ಉಸಿರಿನಲ್ಲಿ ಬೆಳಕಿಗೆ ಬಲಿಯಾದರು.

"ಕ್ಯಾಮೆರಾ ತಗೊಳ್ಳಿ ಸಾರ್," ಎಂದ, ನಗುತ್ತ. "ನಾವೇನು ಕಳ್ಳರಲ್ಲ."

ಸಿಟ್ಟು ಬಂದಾಗ ಉಳಿದವರ ಬಾಯಲ್ಲಿ ಬೈಗುಳ ಬಂದರೆ ನನ್ನ ಬಾಯಲ್ಲಿ ಗ್ರಾಂಥಿಕ ಭಾಷೆ ಬರುತ್ತದೆ. ಇದು ಮೇಷ್ಟ್ರುಗಿರಿಯ ಶಾಪ. ತಾವು ಎಸಗಿರುವ ಕೃತ್ಯ ಅಕ್ಷಮ್ಯವೂ ಖಂಡನೀಯವೂ ಆಗಿದೆ ಎಂದು ನಾನು ಘೋಷಿಸಿದಾಗ ವಾಚ್‌ಮನ್‌ಗೆ ನಗು ತಡೆಯಲಾಗಲಿಲ್ಲ. ಮ್ಯಾನೇಜರು ಕರ್ಚೀಫಿನಿಂದ ಬೆರಳು ಒರೆಸಿಕೊಂಡು ಒಳಗೆ ಹೋದ. ಗೇಟು ಮುಚ್ಚಿತು. ಆ ಗೇಟನ್ನು ಒದೆಯಬೇಕೆನಿಸಿತು. ಒದೆಯುವ ಪ್ರಾಯವೂ ದಾರ್ಢ್ಯವೂ ಇಲ್ಲದ್ದರಿಂದ ಗೌರಕ್ಕನ ಬೆಂಚಿನ ಮೇಲೆ ಹೋಗಿ ಕುಸಿದೆ. ಅವನು ಎಸೆದುಹೋದ ರೀಲು ನನ್ನ ಮುಷ್ಟಿಯಲ್ಲಿತ್ತು. ಅಪ್ಪ ಎದ್ದು ಹೋಗುತ್ತಿದ್ದುದು, ಬುಟ್ಟಿಗೆ ಬೀಳುವ ಬೂಟುಗಳ ಸದ್ದು, ಆ ವಿಚಾರಣೆ, ಈ ನಗು, ಎಲ್ಲ ಸೇರಿ ಎದೆಯಲ್ಲಿ ಕುದಿಯತೊಡಗಿತ್ತು. ಕೋಪ ಒಂದು ಕ್ಷಣಿಕ ಉನ್ಮಾದ, ವಿವೇಕಿಗಳು ಅದನ್ನು ಗೆಲ್ಲುತ್ತಾರೆ ಎಂದು ನಾನು ಮಕ್ಕಳಿಗೆ ಎಷ್ಟೋ ಬಾರಿ ಉಪದೇಶಿಸಿದ್ದುಂಟು. ಆ ಬೆಂಚಿನ ಮೇಲೆ ಕೂತು ನನಗನ್ನಿಸಿದ್ದು, ಇಂಥ ಗೇಟಿನ ಎದುರು ಕೋಪ ಬಾರದವನ ವಿವೇಕಕ್ಕೆ ಬೆಂಕಿ ಬೀಳಲಿ ಎಂದು.

ಗೌರಕ್ಕ ಟೀ ತಂದಿಟ್ಟು, ನನ್ನ ಕೈಯಿಂದ ರೀಲು ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದಳು. ಏನೂ ಕಾಣಲಿಲ್ಲ. ತುದಿಯವರೆಗೂ ಬಿಚ್ಚಿ ಮತ್ತೊಮ್ಮೆ ನೋಡಿದಳು.

"ಅವ್ರು ತೆಗೆಸಿದ್ ಫೋಟೋನ ಎಲ್ಲಾರ್ಗೂ ತೋರ್ಸಿದ್ರು," ಎಂದಳು ಕೊನೆಗೆ. "ನೀನು ತೆಗೆದಿದ್ದನ್ನ ಕಿತ್ತಾಕಿದ್ರು. ಅಂದ್ರೆ ನಿಂದು ನಿಜಾನೇ ಇರ್ಬೇಕು."

ರೀಲನ್ನು ಸುತ್ತಿ ನನ್ನ ಕೈಗಿತ್ತಳು.

"ಹೋಗು, ಇನ್ನೊಂದು ರೀಲು ತಗೊಂಡ್ ಬಾ. ನಂದು ತೆಗಿ."

ಸಿಟಿ ಬಸ್ಸು ಹಿಡಿದು ಜಯನಗರಕ್ಕೆ ಹೋಗಿ ರೀಲು ಕೊಂಡು ವಾಪಸಾಗುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ದಾರಿಯುದ್ದಕ್ಕೂ ಮ್ಯಾನೇಜರಿಗೆ ಹೇಳಬೇಕಾಗಿದ್ದ ಮಾತುಗಳು ಒಂದಕ್ಕಿಂತ ಒಂದು ಸೊಗಸಾಗಿ ಹೊಳೆದವು. ಬಸ್ಸಿನಲ್ಲಿ ಪಕ್ಕದ ಸೀಟಿನವರು ನನ್ನ ಗೊಣಗಾಟಕ್ಕೆ ಹೆದರಿ ಬೇರೆಡೆ ಹೋಗಿ ಕೂತರು. ಹೋಟೆಲಿಗೆ ಬಂದರೆ ಒಲೆ ಆರಿತ್ತು. ಗೌರಕ್ಕ ತಲೆಗೆ ಎಣ್ಣೆ ಹಚ್ಚಿ ಬಾಚಿ, ಮಡಿಕೆ ಬಿಚ್ಚಿದ ನೀಲಿ ಸೀರೆಯುಟ್ಟು, ಕಾಗದದ ಪೊಟ್ಟಣವೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಕಾಯುತ್ತಿದ್ದಳು. ನನ್ನಕ್ಕ ಸಾವಿತ್ರಿಯೂ ಸುದ್ದಿ ಕೇಳಿ ಬಂದಿದ್ದಳು, ಕಾಂಪ್ಲೆಕ್ಸಿನ ಮಾತೆತ್ತಲಿಲ್ಲ. ಗೌರಕ್ಕ ಹೋಟೆಲಿನ ಸ್ಟೂಲನ್ನು ಎತ್ತಿಕೊಂಡು ಹೋಗಿ, ರಸ್ತೆಯಲ್ಲಿ, ಗೇಟಿಗೆ ಸರಿಯಾಗಿ ಎದುರು ಇಟ್ಟು, ಗೇಟಿಗೆ ಬೆನ್ನು ಮಾಡಿ ಕೂತಳು. ಪೊಟ್ಟಣ ಬಿಚ್ಚಿದಳು.

ಅದರಲ್ಲಿ ಹವಾಯಿ ಚಪ್ಪಲಿಯಿತ್ತು. ಒಂದು ಇಡಿಯಾಗಿತ್ತು. ಇನ್ನೊಂದರ ಮುಂಭಾಗ ಕರಗಿ, ಸುರುಟಿ, ಕಪ್ಪಗಾಗಿತ್ತು. ಆಸ್ಪತ್ರೆಯಲ್ಲಿ ಮುನಿಯಪ್ಪನ ಬಟ್ಟೆಯ ಜೊತೆ ಕೊಟ್ಟದ್ದಂತೆ. ಅಂದು ವಿಚಾರಣೆಗೂ ತಂದಿದ್ದಳಂತೆ. ಚಪ್ಪಲಿ ಹಿಡಿದು ಸಭೆಗೆ ಬರಬಾರದೆಂದು ಬಾಗಿಲಲ್ಲೇ ಬಿಡಿಸಿದ್ದರಂತೆ. ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ಅವಳು ಕ್ಯಾಮೆರಾವನ್ನು ದಿಟ್ಟಿಸಿದಳು.

ನಾನು ಕಣ್ಣೊರೆಸಿಕೊಂಡು ಫೋಕಸ್ ಮಾಡುವಷ್ಟರಲ್ಲಿ ಸೈರನ್ ಕೂಗಿತು. ಗೇಟು ತೆರೆಯಿತು. ಪಾಳಿ ಮುಗಿಸಿದ ಕೆಲಸಗಾರರ ನಡುವೆ ಮ್ಯಾನೇಜರನ ಕಾರು ಹೊರಬಂದು ಸ್ಟೂಲಿನ ಹಿಂದೆ ನಿಂತಿತು. ಹಾರ್ನ್ ಆಯಿತು. ವಾಚ್‌ಮನ್ ಬಂದು, ಸಾಹೇಬ್ರ ಗಾಡಿ ಬರ್ತೈತೆ, ಏಳಕ್ಕ ಎಂದು ಬೇಡಿಕೊಂಡ.

"ನಾನು ರಸ್ತೇಲಿ ಕೂತಿದ್ದೀನಿ," ಎಂದಳು ಗೌರಕ್ಕ, ಹಿಂದಿರುಗಿ ನೋಡದೆ. "ನಿಮ್ಮ ಜಾಗದಲ್ಲಿ ಕೂತಿಲ್ಲ. ನೀನ್ ತೆಗಿಯಪ್ಪ."

ಕೆಲಸಗಾರರು ನಡೆಯುವುದನ್ನು ನಿಲ್ಲಿಸಿದ್ದರು. ಅವರಲ್ಲಿ ಮುನಿಯಪ್ಪನನ್ನು ಬಲ್ಲ ಹಳಬರಿದ್ದರು, ಹೆಸರೂ ಕೇಳದ ಹೊಸಬರಿದ್ದರು. ಮೊದಲು ಅವಳ ತೊಡೆಯ ಕಡೆ ನೋಡಿದರು. ಆಮೇಲೆ, ಯಾರೂ ಹೇಳದೆಯೇ, ತಮ್ಮ ತಮ್ಮ ಪಾದಗಳ ಕಡೆ ನೋಡಿಕೊಂಡರು. ಮ್ಯಾನೇಜರು ಕಾರಿನಿಂದಿಳಿದು ಕೈಯೆತ್ತಿ ಏನೋ ಕೂಗುತ್ತ ಬರುತ್ತಿದ್ದಾಗ ನಾನು ಗುಂಡಿ ಒತ್ತಿದೆ. ಅವನು ನನ್ನ ಬಳಿ ತಲುಪಲಿಲ್ಲ. ನಡುವೆ ಜನ ನಿಂತಿದ್ದರು. ಅವರು ಅವನನ್ನು ತಡೆಯಲಿಲ್ಲ, ಮುಟ್ಟಲಿಲ್ಲ; ದಾರಿ ಬಿಡಲಿಲ್ಲ, ಅಷ್ಟೇ.

ಫೋಟೋ ಸೊಗಸಾಗಿ ಬಂದಿತ್ತೆಂದರೆ ಸುಳ್ಳಾದೀತು. ಚೌಕಟ್ಟು ವಾಲಿತ್ತು, ಗೇಟು ಓರೆಯಾಗಿತ್ತು. ಆದರೆ ಚಪ್ಪಲಿ ಸ್ಪಷ್ಟವಾಗಿತ್ತು, ಅವಳ ಮುಖ ಸ್ಪಷ್ಟವಾಗಿತ್ತು. ದೊಡ್ಡದಾಗಿ ಮಾಡಿಸಿ, ಗಾಜು ಹಾಕಿಸಿ ಕೊಟ್ಟೆ. ಗೌರಕ್ಕ ಅದನ್ನು ಹೋಟೆಲಿನೊಳಗೆ ತೂಗುಹಾಕದೆ ಹೊರಗಿನ ಕಂಬಕ್ಕೆ, ಗೇಟಿಗೆ ಮುಖ ಮಾಡಿ ಕಟ್ಟಿದಳು. ತೆಗೆಸಲು ಕಾರ್ಖಾನೆಯವರು ಹೇಳಿಕಳಿಸಿದರು, ಹೆದರಿಸಿದರು, ಅವಳು ಜಗ್ಗಲಿಲ್ಲ. ಅದರಿಂದ ಏನು ಬದಲಾಯಿತೆಂದು ಕೇಳುವಿರಾ? ಕೆಲಸಗಾರರು ಗುಂಪಾಗಿ ಕೇಳಿ, ದಿನಗಟ್ಟಲೆ ಕೆಲಸ ನಿಲ್ಲಿಸಿದ ಮೇಲೆ, ಕೊನೆಗೆ ಕುಲುಮೆಯ ಬಳಿ ದುಡಿಯುವವರಿಗೆ ಬೂಟು ಸಿಕ್ಕಿತು. ಉಳಿದವರಿಗೆ ಇಲ್ಲ. ಮುನಿಯಪ್ಪನ ಮೇಲೆ ಹೊರಿಸಿದ ಅಜಾಗರೂಕತೆಯ ಮಾತನ್ನು ಯಾರೂ ಹಿಂತೆಗೆದುಕೊಳ್ಳಲಿಲ್ಲ. ಆ ವಿಷಯ ನೆನೆದಾಗಲೆಲ್ಲ ನನ್ನ ರಕ್ತ ಈಗಲೂ ಕುದಿಯುತ್ತದೆ; ಅದು ಆರಲಿ ಎಂಬ ಆಸೆಯೂ ನನಗಿಲ್ಲ.

ಮುಂದಿನ ರಜೆಯಲ್ಲಿ ಹೋದಾಗ ಬಿಸಿಲಿಗೆ ಫೋಟೋ ಕೊಂಚ ಮಾಸಿತ್ತು. ಅದರಲ್ಲಿ ಗೌರಕ್ಕನ ಹುಬ್ಬು ಗಂಟಿಕ್ಕಿತ್ತು, ತುಟಿ ಬಿಗಿದಿತ್ತು. ಒಂದು ನಗುಮುಖದ್ದೂ ಇರಲಿ, ಆರಾಮವಾಗಿ ಕೂತುಕೋ, ಇನ್ನೊಂದು ತೆಗೆಯುತ್ತೇನೆ ಎಂದೆ. ಅವಳು ಇಡ್ಲಿ ಪಾತ್ರೆಯ ಮುಚ್ಚಳ ತೆಗೆದು, ಹಬೆಯ ಆಚೆಯಿಂದ ನನ್ನನ್ನು ನೋಡಿದಳು.

"ನಗೋದು ದಿನಾ ನಗ್ತೀನಿ ಕಣಪ್ಪ, ಗಿರಾಕಿಗಳ ಜೊತೆ," ಎಂದಳು. "ಗೇಟಿನ್ ಒಳಗಿರೋವ್ರಿಗೆ ಇದೇ ಕಾಣ್ಲಿ."