ಬೇವಿನ ಗಿಡದ ಕಾಟಾ

ಕಳೆದ ಬುಧವಾರ ಮೊಮ್ಮಗನಿಗೆ ಸೂಜಿ ಹಾಕಿಸಲು ಸೊಸೆಯ ಜೊತೆ ನಮ್ಮ ಓಣಿಯ ಸರ್ಕಾರಿ ದವಾಖಾನೆಗೆ ಹೋಗಿದ್ದೆ. ಸೋಲಾಪುರದ ಬಿಸಿಲು ನಿಮಗೆ ಗೊತ್ತಲ್ಲ, ಒಂಬತ್ತು ಗಂಟೆಗೇ ಹೊರಗಿನ ಬೆಂಚು ಕೂರಗೊಡುತ್ತಿರಲಿಲ್ಲ. ಒಳಗೆ ಮೇಜಿನ ಮೇಲೆ ಹೊಳೆಯುವ ಹೊಸ ಕಾಟಾ, ತೂಕದ ಯಂತ್ರ. ಅದರ ಮೇಲೆ ಹುಡುಗನನ್ನು ಮಲಗಿಸಿದ ನರ್ಸು ಇನ್ನೂ ಎಳೆಯ ಹುಡುಗಿ. ಮೂಲೆಯಲ್ಲಿ ರಜಿಸ್ಟರ್ ಹಿಡಿದು ಕೂತವಳಿಗೆ ಕೇಳಲಿ ಎಂದು ಮರಾಠಿಯಲ್ಲಿ ಗಟ್ಟಿಯಾಗಿ, "ನಊ ಕಿಲೋ ದೋನಶೆ" ಎಂದು ಒದರಿದಳು. ಒಂಬತ್ತು ಕಿಲೋ ಇನ್ನೂರು. ಅಷ್ಟರಲ್ಲಿ ನನ್ನ ಎರಡೂ ಕೈಗಳು ನನ್ನನ್ನು ಕೇಳದೆಯೇ ಮೇಲೆದ್ದು, ಮಗುವಿನ ಕೆನ್ನೆ ಸವರಿ, ನನ್ನ ಕಪಾಳಕ್ಕೆ ಒತ್ತಿ ಲಟಲಟ ಲಟಿಕೆ ಮುರಿದಿದ್ದವು.

ಸೊಸೆಗೆ ನಗು ತಡೆಯಲಾಗಲಿಲ್ಲ. "ಅತ್ಯಾರ, ಅಂಗನವಾಡಿ ಸುಪರ್‌ವೈಜರ್ ಇದ್ದವರು ನೀವು. ನೀವೇ ಹಿಂಗ ದೃಷ್ಟಿ ತಗದ್ರ ಉಳದವರು ಏನ್ ಮಾಡಬೇಕು?" ಅಂದಳು.

ಏನು ಹೇಳಲಿ? ಒಂದು ಕಾಲದಲ್ಲಿ ಇದಕ್ಕಿಂತ ಸಣ್ಣ ತಪ್ಪಿಗೆ ಒಬ್ಬಳಿಗೆ ನೋಟೀಸು ಕೊಟ್ಟವಳು ನಾನು. ತೂಕವೇನೋ ಆಗಿತ್ತು, ಸೂಜಿಯ ಪಾಳಿ ಬರಲು ಇನ್ನೂ ಹೊತ್ತಿತ್ತು. ಪಡಸಾಲೆಯ ಬೆಂಚಿನ ಮೇಲೆ ಕೂತಾಗ ಹಳೆಯದೆಲ್ಲ ನೆನಪಾಯಿತು, ನಿಮಗೂ ಹೇಳುತ್ತೇನೆ.

ನನಗೆ ನೌಕರಿ ಸಿಕ್ಕಿದ್ದು ಮೂವತ್ತು ದಾಟಿದ ಮೇಲೆ. ತಡವಾಗಿ ಸಿಕ್ಕ ನೌಕರಿಗೆ ದಿಮಾಕು ಜಾಸ್ತಿ. ನವಿ ಪೇಠದಲ್ಲಿ ಗಂಜಿ ಹಾಕಿದ ಅಂಚಿನ ಸೀರೆ ಆರು ಒಟ್ಟಿಗೆ ಕೊಂಡೆ, ಒಂದು ಕರಿ ಬ್ಯಾಗು, ಒಂದು ಸ್ಕೂಟಿ. ನಾಲ್ಕನೇ ಇಯತ್ತೆ ತನಕ ಅಕ್ಕಲಕೋಟೆಯ ಕನ್ನಡ ಶಾಲೆಯಲ್ಲಿ ಓದಿದವಳು, ಆಮೇಲೆಲ್ಲ ಮರಾಠಿ. ತರಬೇತಿಯ ಪುಸ್ತಕವೂ ಮರಾಠಿ, ಅದು ನನಗೆ ಬಾಯಿಪಾಠ. ದಕ್ಷಿಣ ಸೋಲಾಪುರ, ಅಕ್ಕಲಕೋಟೆ ಕಡೆಯ ಇಪ್ಪತ್ತೈದು ಅಂಗನವಾಡಿಗಳು ನನ್ನ ಪಾಲಿಗೆ ಬಂದವು. ಅಲ್ಲಿನ ಮಕ್ಕಳು ಮರಾಠಿಯಲ್ಲಿ ಎಣಿಸುತ್ತಿದ್ದವು, ಕನ್ನಡದಲ್ಲಿ ಅಳುತ್ತಿದ್ದವು. ಎರಡೂ ಬರುವ ನನ್ನಂಥವಳು ಸಿಕ್ಕಿದ್ದು ಸರ್ಕಾರದ ಪುಣ್ಯ ಎಂದು ನಾನೇ ಅಂದುಕೊಂಡಿದ್ದೆ.

ಕಂದಲಗಾಂವದಿಂದ ಆಚೆ, ಹೊಲಗಳ ನಡುವೆ ಒಂದು ಕುರುಬರ ವಸ್ತಿ. ಅಲ್ಲಿನ ಅಂಗನವಾಡಿ ಸೇವಿಕೆ ಮಾಳವ್ವ. ನನಗಿಂತ ಐದಾರು ವರ್ಷ ಚಿಕ್ಕವಳು, ಕಲಿತದ್ದು ಏಳನೇ ಇಯತ್ತೆ, ಮಾತು ಕಡಿಮೆ. ನಾನು ಮೊದಲ ಸಲ ಹೋದ ದಿನ ಮಕ್ಕಳ ತೂಕ ನಡೆದಿತ್ತು. ಸರ್ಕಾರ ಕೊಟ್ಟ ತೂಗುಕಾಟಾ ಕೋಣೆಯ ತೊಲೆಗೆ ಇರಬೇಕಾದದ್ದು ಅಂಗಳದ ಬೇವಿನ ಗಿಡಕ್ಕೆ ನೇತಾಡುತ್ತಿತ್ತು. ಕೊಕ್ಕೆಗೆ ಕುರುಬರ ದೇವರು ಬೀರೋಬಾನ ಭಂಡಾರ, ಅಂದರೆ ಅರಿಶಿನ ಪುಡಿ, ಮೆತ್ತಿತ್ತು. ತಾಯಂದಿರು ಒಬ್ಬೊಬ್ಬರೇ ಬಂದು ಕೂಸನ್ನು ಜೋಳಿಗೆಯಲ್ಲಿ ಕೂರಿಸುತ್ತಿದ್ದರು. ಯಾರೂ ಪಿಟ್ಟೆನ್ನುವುದಿಲ್ಲ. ಮಾಳವ್ವ ಮುಳ್ಳು ನೋಡಿ ಬರೆದುಕೊಳ್ಳುತ್ತಿದ್ದಳು, ತಾಯಿಗೆ ಕಾರ್ಡಿನ ಮೇಲೆ ಹಸಿರು, ಹಳದಿ, ಕೆಂಪು ಪಟ್ಟೆಗಳಲ್ಲಿ ಒಂದನ್ನು ಬೆರಳಿಟ್ಟು ತೋರಿಸುತ್ತಿದ್ದಳು. ಅಂಕಿ ಬಾಯಿಂದ ಹೊರಡುತ್ತಿರಲಿಲ್ಲ. ತೂಗಿಸಿಕೊಂಡ ತಾಯಿ ಒಂದು ಚೂರು ಬೆಲ್ಲವನ್ನು ಆ ದಿನದ ಶಿರಾದ ಪಾತೇಲಿಗೆ ಹಾಕಿ ಹೋಗುತ್ತಿದ್ದಳು.

ಇದೆಲ್ಲ ಏನು ಎಂದು ಜಬರಿಸಿದೆ.

"ಕುರಿ ಎಣಿಸಿ ಹೇಳೂದಿಲ್ರಿ, ಕೂಸು ತೂಗಿ ಹೇಳೂದಿಲ್ರಿ ಮ್ಯಾಡಂ, ನಮ್ಮ ಮಂದ್ಯಾಗ. ದೇವರ ಮುಂದ ಬೆಲ್ಲದಾಗ ತೂಗಿದ್ರಷ್ಟ ನಡೀತೈತಿ. ಅದಕ್ಕ ಹಿಂಗ ಮಾಡೀನ್ರಿ" ಎಂದಳು.

ಮೊದಲು ಇವಳ ಅಂಗನವಾಡಿಗೆ ತೂಕಕ್ಕೆ ಯಾರೂ ಬರುತ್ತಿರಲಿಲ್ಲವಂತೆ, ಈಗ ವಸ್ತಿಯ ಒಂದು ಕೂಸೂ ತಪ್ಪುವುದಿಲ್ಲವಂತೆ. ಅದು ನನ್ನ ಕಿವಿಗೆ ಹೋಗಲಿಲ್ಲ. ಸರ್ಕಾರಿ ಸಾಮಾನಿಗೆ ಅಂಧಶ್ರದ್ಧೆ ಅಂಟಿಸಿದ್ದೇಕೆ, ಏಳು ದಿನದಲ್ಲಿ ವಿವರಣೆ ಕೊಡಿ ಎಂದು ಶುದ್ಧ ಮರಾಠಿಯಲ್ಲಿ ನೋಟೀಸು ಬರೆದೆ. ಮಾಳವ್ವ ಅದನ್ನು ಎರಡು ಕೈಯಲ್ಲಿ ಇಸಕೊಂಡು, ಇಲಿ ಕಡಿಯದಿರಲಿ ಎಂದು ಹಿಟ್ಟಿನ ಡಬ್ಬಿಯಲ್ಲಿಟ್ಟಳು.

ಅಷ್ಟಕ್ಕೆ ಬಿಟ್ಟಿದ್ದರೆ ಪಾಡಿತ್ತು. ತೂಗುವುದು ಹೇಗೆಂದು ತೋರಿಸಿಕೊಡುತ್ತೇನೆ ಎಂದು ಸೆರಗು ಸಿಕ್ಕಿಸಿ ನಾನೇ ನಿಂತೆ. ಮುಂದಿನವಳು ಕಸ್ತೂರಿ ಎಂಬ ಇಪ್ಪತ್ತರ ಹೆಣ್ಣುಮಗಳು. ಅವಳ ಮಗಳು ಭಾಗವ್ವನಿಗೆ ಹದಿನಾಲ್ಕು ತಿಂಗಳು. ಕೂಸು ಅಳಲೂ ಇಲ್ಲ, ಸುಮ್ಮನೆ ನನ್ನ ಬಳೆ ನೋಡುತ್ತಿತ್ತು. ನಾನು ಮುಳ್ಳು ನೋಡಿ, "ಸಹಾ ಕಿಲೋ ದೋನಶೆ. ಲಾಲ್!" ಎಂದು ಇಡೀ ಅಂಗಳಕ್ಕೆ ಕೇಳುವಂತೆ ಹೇಳಿದೆ. ಆರು ಕಿಲೋ ಇನ್ನೂರು, ಕೆಂಪು ಪಟ್ಟೆ. ಅರ್ಥವಾಗದವರಿಗೆ ಕನ್ನಡದಲ್ಲೂ ಹೇಳಿದೆ. ಎರಡೂ ಭಾಷೆ ಬರುವುದರ ಉಪಯೋಗ ನೋಡಿ. ಕಸ್ತೂರಿ ಕೂಸನ್ನು ಜೋಳಿಗೆಯಿಂದ ಎತ್ತಿಕೊಂಡು, ತಂದ ಬೆಲ್ಲವನ್ನು ಸೆರಗಿನ ಗಂಟಿನಲ್ಲೇ ಇಟ್ಟುಕೊಂಡು ಹೋದಳು.

ಅಂಥ ಮಕ್ಕಳಿಗೆ ತಿಂಗಳ ತನಕ ದಿನಕ್ಕೆ ಐದಾರು ಸಲ ಅಂಗನವಾಡಿಯಲ್ಲೇ ಉಣಿಸಿ, ಡಾಕ್ಟರಿಗೆ ತೋರಿಸುವ ಯೋಜನೆಯಿತ್ತು. ಅದರ ಕಾಗದ ತಯಾರಿಸಿಕೊಂಡು ವಾರದ ಮೇಲೆ ಮತ್ತೆ ಹೋದೆ. ಕೂಸು ಇರಲಿಲ್ಲ. ದೀಪಾವಳಿ ಮುಗಿದಿತ್ತು, ಪ್ರತಿ ವರ್ಷದಂತೆ ಅವಳ ಮನೆಯ ಕುರಿಹಿಂಡು ಮೇವಿಗಾಗಿ ಭೀಮಾ ನದಿ ದಾಟಿ ಹೊರಟಿತ್ತು. ಕಸ್ತೂರಿ ಈ ವರ್ಷ ವಸ್ತಿಯಲ್ಲೇ ಉಳಿಯುವವಳಿದ್ದಳಂತೆ. ಮಂದಿಯ ಕಣ್ಣು ಬಿತ್ತು ಎಂದು ಕೂಸನ್ನು ಕಟ್ಟಿಕೊಂಡು ಹಿಂಡಿನ ಜೊತೆ ಹೋಗಿಬಿಟ್ಟಿದ್ದಳು.

ಇಂಥದಕ್ಕೆ ರಜಿಸ್ಟರಿನಲ್ಲಿ ಒಂದು ಶಬ್ದವಿದೆ, 'ಸ್ಥಳಾಂತರಿತ'. ಹೆಸರಿನ ಮುಂದೆ ಅದನ್ನು ಬರೆದರೆ ಆ ಕೂಸು ನನ್ನ ಲೆಕ್ಕದಿಂದ ಹೊರಗೆ, ಯಾರೂ ಕೇಳುವುದಿಲ್ಲ. ಸುಳ್ಳು ಹೇಳುವುದಿಲ್ಲ, ನಾನು ಪೆನ್ನು ತೆಗೆದಿದ್ದೆ. ಮಾಳವ್ವ ರಜಿಸ್ಟರಿನ ಮೇಲೆ ಅಂಗೈ ಇಟ್ಟಳು.

"ಆ ಶಬ್ದ ಬರೀಬ್ಯಾಡ್ರಿ ಮ್ಯಾಡಂ. ಇಂಥಾ ಕೂಸು ಒಂದು ಜ್ವರ ತಡಿಯೂದಿಲ್ಲ. ನಿಮ್ಮ ಗಾಡಿ ಐತಲ್ಲ, ನಡ್ರಿ."

ನೋಟೀಸು ಕೊಟ್ಟವಳ ಗಾಡಿಯ ಹಿಂದೆ ನೋಟೀಸು ಪಡೆದವಳು ಕೂತಳು. ಕಾಟಾ, ಕಾರ್ಡು, ಹಿಟ್ಟಿನ ಪೊಟ್ಟಣ ಅವಳ ತೊಡೆಯ ಮೇಲೆ. ಹುಲಜಂತಿ ಕಡೆಯ ದಾರಿ ಹಿಡಿದು, ಕಂಡ ಕಂಡ ಕುರುಬರನ್ನು ಕೇಳುತ್ತ, ಎರಡು ಸಲ ದಾರಿ ತಪ್ಪಿ, ಒಂದು ಸಲ ಕೆಸರಿನಲ್ಲಿ ಗಾಡಿ ಸಮೇತ ನಾನು ಬಿದ್ದು, ಮಧ್ಯಾಹ್ನದ ಹೊತ್ತಿಗೆ ಉಳ್ಳಾಗಡ್ಡಿ ಕಿತ್ತ ಹೊಲವೊಂದರಲ್ಲಿ ಹಿಂಡು ಸಿಕ್ಕಿತು. ಆ ಗಂಜಿ ಸೀರೆಯ ಗತಿ ಕೇಳಬೇಡಿ. ದಾರಿಯುದ್ದಕ್ಕೂ ನನಗೆ ಒಂದೇ ಹೆದರಿಕೆ, ತಡವಾಯಿತೋ ಏನೋ ಎಂದು. ಕಸ್ತೂರಿಯ ಕಂಕುಳಲ್ಲಿ ಕೂಸಿನ ತಲೆ ಅಲುಗಿದ್ದು ಕಂಡ ಮೇಲೆಯೇ ಗಾಡಿಯಿಂದ ಇಳಿದೆ.

ನಾನು ನೇರ ಹೋಗಿ ಬುದ್ಧಿ ಹೇಳಲು ಹೊರಟೆ. ಮಾಳವ್ವ ಕೈ ಹಿಡಿದು ಕೂರಿಸಿದಳು. ಕಸ್ತೂರಿಯ ಮಾವ ಬೀರಪ್ಪಜ್ಜ ಆ ಹೊತ್ತಿಗೆ ಎಳೆ ಮರಿಗಳನ್ನು ನೋಡುತ್ತಿದ್ದ. ಒಂದೊಂದನ್ನೇ ಎರಡು ಅಂಗೈಯಲ್ಲಿ ಎತ್ತಿ, ಒಂದು ಗಳಿಗೆ ಹಿಡಿದು, ಕೆಳಗಿಡುತ್ತಿದ್ದ. ಕೆಲವು ಈ ಕಡೆ, ಕೆಲವು ಆ ಕಡೆ. ಮಾಳವ್ವ ಅವನ ಹತ್ತಿರ ಕೂತು ಮರಿಗಳ ಸಮಾಚಾರ ಕೇಳಿದಳು. ಕೂಸಿನ ಮಾತೇ ಎತ್ತಲಿಲ್ಲ. ಮರಿಗಳು ಮುಗಿದ ಮೇಲೆ ಎದ್ದು ಹೋಗಿ, ಕಸ್ತೂರಿಯ ಕಂಕುಳಿಂದ ಭಾಗವ್ವನನ್ನು ಇಸಕೊಂಡು ಬಂದು ಅಜ್ಜನ ಕೈಗೆ ಕೊಟ್ಟಳು.

"ಕಾಕಾ, ಇದನ್ನೂ ಒಮ್ಮಿ ಎತ್ತಿ ನೋಡು."

ಮೊಮ್ಮಗಳನ್ನು ಅವನು ದಿನಾ ಎತ್ತಿದವನೇ. ಆದರೆ ಆ ಕೈಯಿಂದ, ಮರಿ ಎತ್ತುವ ಕೈಯಿಂದ, ಎಂದೂ ಎತ್ತಿರಲಿಲ್ಲ. ಒಂದು ಗಳಿಗೆ ಹಿಡಿದ. ಮತ್ತೊಮ್ಮೆ ಹಿಡಿದ. ಅವನ ಮುಖ ಇಳಿದುಹೋಯಿತು.

"ಹಗುರ ಐತಿ" ಎಂದ. ಸೊಸೆಯ ಕಡೆ ತಿರುಗಿ, "ಹಗುರ ಮರಿ ಹಿಂಡಿನ ಕೂಡ ನಡಿಯೂದಿಲ್ಲವ್ವ. ತಾಯಿ ಸುದ್ದಾ ಮನ್ಯಾಗ ಬಿಟ್ಟ ಬರೂದು ನಮ್ಮ ಪದ್ಧತಿ. ನೀ ಹೊಳ್ಳಿ ಹೋಗು" ಎಂದ.

ಚೀಲದಿಂದ ಕಾಟಾ ಹೊರಗೆ ಬರಲೇ ಇಲ್ಲ. ನನ್ನ ತರಬೇತಿಯ ಪುಸ್ತಕವಂತೂ ಬಾಯಿ ಮುಚ್ಚಿಕೊಂಡಿತ್ತು. ಮಂದಿಯೆದುರು ಒದರಬಾರದಿತ್ತು, ತಪ್ಪಾಯಿತು ಎಂದು ಹೇಳಿದೆ. ಕಸ್ತೂರಿ ಕೂಸಿನ ಬಟ್ಟೆಬರೆ ಗಂಟು ಕಟ್ಟುತ್ತಿದ್ದಳು. ಅಜ್ಜ, "ನೀ ಸುಳ್ಳ ಹೇಳಿಲ್ಲ ಬಿಡವ್ವ" ಎಂದ. ಅದರಿಂದ ನಾಚಿಕೆ ಇನ್ನೂ ಹೆಚ್ಚಾಯಿತು.

ಕಸ್ತೂರಿ, ಕೂಸು, ಮಾಳವ್ವ ಮೂವರೂ ಸರ್ಕಾರಿ ಲಾಲ್ ಬಸ್ಸಿಗೆ ಹತ್ತಿದರು. ಎಲ್ಲಿ ನಡುವೆ ಇಳಿದು ಹೋದಾರೋ ಎಂದು ನಾನು ಸ್ಕೂಟಿಯಲ್ಲಿ ಬಸ್ಸಿನ ಹೊಗೆ ಕುಡಿಯುತ್ತ ಸೋಲಾಪುರದ ತನಕ ಬೆನ್ನು ಹತ್ತಿದೆ. ಆಮೇಲಿನದು ಮಾಳವ್ವನ ಕೆಲಸ. ದಿನಕ್ಕೆ ಆರು ಸಲ, ಒಂದೊಂದು ಚಮಚ, ಹಟ ಮಾಡಿದರೆ ಕುರಿಮರಿಯ ಹಾಡು ಹಾಡಿ. ಎರಡು ಸಲ ಜ್ವರವೂ ಬಂತು, ಎರಡು ಸಲವೂ ಅವಳೇ ದೊಡ್ಡ ದವಾಖಾನೆಗೆ ಹೊತ್ತೊಯ್ದಳು. ಕೂಸು ಕೆಂಪಿನಿಂದ ಹಳದಿಗೆ ಬಂದ ದಿನ ಕಸ್ತೂರಿ ಒಂದು ಚೂರು ಬೆಲ್ಲವನ್ನು ಪಾತೇಲಿಗೆ ಹಾಕಿ, ಇನ್ನೊಂದು ಚೂರನ್ನು ನನ್ನ ಅಂಗೈಯಲ್ಲಿಟ್ಟಳು. ಮಳೆಗಾಲಕ್ಕೆ ಹಿಂಡು ಮರಳಿದಾಗ ಬೀರಪ್ಪಜ್ಜ ಮನೆಗೂ ಹೋಗದೆ ಅಂಗನವಾಡಿಗೇ ಬಂದನಂತೆ, ಮೊಮ್ಮಗಳನ್ನು ಎತ್ತಿ ಹಿಡಿದು, "ಇನ್ನ ನಡೀತೈತಿ" ಎಂದನಂತೆ.

ನೋಟೀಸನ್ನು ನಾನು ಹರಿದು ಹಾಕಿದೆ. ತಾಲೂಕಿನ ಮೀಟಿಂಗಿನಲ್ಲಿ ಎದ್ದು ನಿಂತು, ನನ್ನ ಇಪ್ಪತ್ತೈದೂ ಅಂಗನವಾಡಿಗಳಲ್ಲಿ ಇನ್ನು ಮೇಲೆ ಅಂಕಿ ಒದರುವುದಿಲ್ಲ, ತಾಯಿಗೆ ಮಾತ್ರ ತೋರಿಸುತ್ತೇವೆ ಎಂದೆ. ಯಾವ ಸರ್ಕ್ಯುಲರಿನಲ್ಲಿದೆ ಎಂದು ಸಾಹೇಬರು ಕೇಳಿದರು. ಬೇವಿನ ಗಿಡದ್ದು ಎಂದು ಹೇಳುವ ಧೈರ್ಯ ಬರಲಿಲ್ಲ, ನನ್ನ ಜವಾಬ್ದಾರಿ ಎಂದೆ.

ಅಂಗನವಾಡಿ ಅಂದರೆ ಖಿಚಡಿ ಮತ್ತು ನೊಣ ಎಂದು ಮೂಗು ಮುರಿಯುವವರನ್ನು ನಾನು ಬಹಳ ನೋಡಿದ್ದೇನೆ. ಮುರಿಯಲಿ. ಯೋಜನೆ ಎಲ್ಲೋ ಮೇಲೆ ಕಾಗದದ ಮೇಲೆ ಹುಟ್ಟುತ್ತದೆ, ಅದಕ್ಕೆ ಜೀವ ಬರುವುದು ಮಾಳವ್ವನಂಥವರು ಅದನ್ನು ತಮ್ಮೂರ ಗಿಡಕ್ಕೆ ಕಟ್ಟಿದಾಗ. ಅವಳಿಗೆ ಕೊಟ್ಟಿದ್ದು ಪಗಾರವೂ ಅಲ್ಲ, ಮಾನಧನ ಎಂಬ ಹೆಸರಿನದು. ಕೊನೆಕೊನೆಗೆ ಕೈಗೊಂದು ಫೋನು ಬಂತು, ಎಲ್ಲ ಅದರಲ್ಲೇ ತುಂಬಬೇಕು. ಹೊಲದ ಬದುವಿನ ಮೇಲೆ ನಿಂತು ನೆಟ್‌ವರ್ಕ್ ಹುಡುಕುತ್ತಿದ್ದಳು, ಒಂದು ಕೂಸಿನ ಹೆಸರೂ ಬಿಡುತ್ತಿರಲಿಲ್ಲ. ಇಂಥವಳ ಮೇಲೆ ನಾನು ಸುಪರ್‌ವೈಜರ್ ಆಗಿದ್ದೆ ಎನ್ನುವುದಕ್ಕಿಂತ, ಇಂಥವಳ ಕೈಕೆಳಗೆ ಕಲಿತೆ ಎನ್ನುವುದೇ ನನ್ನ ಹೆಮ್ಮೆ. ಕೂಸನ್ನು ಕೈಯಲ್ಲಿ ತೂಗುವುದನ್ನೂ ಅವಳಿಂದಲೇ ಕಲಿತೆ. ಮೊದಮೊದಲು ಒಂದೂವರೆ ಕಿಲೋ ತಪ್ಪುತ್ತಿತ್ತು. ಮ್ಯಾಡಂ ಕೈಗೆ ಬರೀ ಫೈಲಿನ ತೂಕ ಗೊತ್ತು ಎಂದು ವಸ್ತಿಯ ಹೆಂಗಸರೆಲ್ಲ ನಕ್ಕರು.

ಹೋದ ವರ್ಷ ವಸ್ತಿಯವರೇ ಸೇರಿ ಮಾಳವ್ವನನ್ನು ಸತ್ಕಾರಕ್ಕೆ ಕರೆದಿದ್ದರು. ನಾನೂ ಹೋಗಿದ್ದೆ. ಭಾಗವ್ವ ಓಡುವ ಬೂಟು ಹಾಕಿಕೊಂಡೇ ಬಂದಿದ್ದಳು, ಪೊಲೀಸ್ ಭರ್ತಿಗೆ ತಯಾರಿ ನಡೆಸಿದ್ದಳು. ಶಾಲು ಹೊದಿಸುವುದು ಬಿಟ್ಟು ಮಾಳವ್ವನನ್ನು ಸೊಂಟ ಹಿಡಿದು ನೆಲದಿಂದ ಎತ್ತಿಬಿಟ್ಟಳು. "ಅಂಗನವಾಡಿ ಬಾಯಾರ, ಈಗ ನೀವೇ ಹಗುರ ಆಗೀರಿ" ಎಂದಳು. ಮಾಳವ್ವ ಚಪ್ಪಲಿ ಕಳಚಿ ಬಿದ್ದ ಕಾಲು ಆಡಿಸುತ್ತ, ಇಳಿಸು ಇಳಿಸು ಎಂದು ಬೈಯುತ್ತ ಅಳುತ್ತಿದ್ದಳು. ನಾನಂತೂ ಮುಚ್ಚುಮರೆಯಿಲ್ಲದೆ ಅತ್ತೆ.

ಅವತ್ತು ಬೆಂಚಿನ ಮೇಲೆ ಕೂತು ಇಷ್ಟೆಲ್ಲ ನೆನೆಯುತ್ತಿರುವಾಗಲೇ ಒಳಗಿಂದ ಆ ನರ್ಸಿನ ಗಂಟಲು ಮತ್ತೆ ಕೇಳಿಸಿತು. ಒಂದು ಅಂಕಿ, ಅದರ ಹಿಂದೆ "ಖೂಪ್ ಕಮಿ" ಎಂಬ ಮಾತು. ಬಹಳ ಕಡಿಮೆ. ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಒಬ್ಬ ಸಣ್ಣ ವಯಸ್ಸಿನ ತಾಯಿ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಚೀಲ ಹೆಗಲಿಗೇರಿಸಿ, ಸೂಜಿಯ ಸಾಲು ಬಿಟ್ಟು ಬಾಗಿಲ ಕಡೆ ಹೊರಟಳು. ಆ ನಡಿಗೆ ನನಗೆ ಗೊತ್ತು. ಕೂಸಿಗೆ ಸುಮ್ಮಕಿರು ಎಂದು ಕನ್ನಡದಲ್ಲಿ ಹೇಳುತ್ತಿದ್ದಳು.

ಎದ್ದು ಹೋಗಿ ಅಡ್ಡ ನಿಂತೆ. "ತಂಗಿ, ನಿನ್ನ ಕೂಸು ಒಂದ್ ಗಳಿಗಿ ನನ್ನ ಕೈಯಾಗ ಕೊಡ್ತಿ?" ಎಂದು ಕೇಳಿದೆ. ಅವಳು ನನ್ನ ಬಿಳಿ ಕೂದಲು ನೋಡಿ ಕೊಟ್ಟಳು. ಎರಡು ಅಂಗೈಯಲ್ಲಿ ಎತ್ತಿದೆ. ಕೈ ಈಗ ತಪ್ಪುವುದಿಲ್ಲ. ಅಂಕಿ ಹೇಳಲಿಲ್ಲ, ಕಾರ್ಡು ಬಿಡಿಸಿ ಬೆರಳಿಟ್ಟು ಬಣ್ಣ ತೋರಿಸಿದೆ, ಎಲ್ಲಿಂದ ಎಲ್ಲಿಗೆ ಹೋಗಬೇಕು, ಯಾವ ಅಂಗನವಾಡಿಯಲ್ಲಿ ಹೆಸರು ಹಚ್ಚಬೇಕು ಎಂದು ಕಿವಿಯ ಹತ್ತಿರ ಹೇಳಿದೆ. ಭಾಗವ್ವನ ಕಥೆಯನ್ನೂ ಅರ್ಧ ಹೇಳಿದೆ. ಅವಳು ಚೀಲ ಇಳಿಸಿ ಮತ್ತೆ ಸಾಲಿನಲ್ಲಿ ಕೂತಳು. ನರ್ಸಿನ ಹತ್ತಿರವೂ ಹೋದೆ. ನೋಟೀಸು ಕೊಡಲಿಲ್ಲ, ನಿನ್ನ ವಯಸ್ಸಿಗಿಂತ ದೊಡ್ಡವಳಾಗಿದ್ದಾಗ ನಾನು ಮಾಡಿದ ತಪ್ಪು ಇದು ಎಂದು ಮೆಲ್ಲಗೆ ಹೇಳಿದೆ. ಹುಡುಗಿ ಒಳ್ಳೆಯವಳು. ಮುಂದಿನ ಕೂಸಿನ ತೂಕವನ್ನು ತಾನೇ ಎದ್ದು ಹೋಗಿ ರಜಿಸ್ಟರಿನಲ್ಲಿ ಬರೆದಳು.

ಹೊರಡುವಾಗ ಆ ತಾಯಿ ನನ್ನ ಸೆರಗು ಹಿಡಿದು, "ಮುಂದಿನ ತಿಂಗಳ ತೂಕಕ್ಕ ನೀವು ಇರ್ತೀರೇನ್ರಿ?" ಎಂದಳು.

ಮೊಮ್ಮಗನ ಮುಂದಿನ ಸೂಜಿ ಇನ್ನು ಏಳು ತಿಂಗಳಿಗೆ. ಸೊಸೆ ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ, "ಇರ್ತೀನವ್ವ, ಇಲ್ಲೇ ಇರ್ತೀನಿ" ಎಂದುಬಿಟ್ಟಿದ್ದೆ.