ಮೆಹಬೂಬ್ ಸಾಬರ ಬೆಳಗಿನ ಮಾತ್ರೆ

ಭದ್ರಾವತಿಯ ನ್ಯೂ ಟೌನ್‌ನಲ್ಲಿ ಸ್ಕೂಟರ್ ರಿಪೇರಿ ಮಾಡುವ ಮೆಹಬೂಬ್ ಸಾಬರಿಗೆ ಮಾತು ಸ್ವಲ್ಪ ಜಾಸ್ತಿ. ಏರ್ ರೈಫಲ್ ಹಿಡಿದಾಗ ಮಾತ್ರ ಗಪ್‌ಚುಪ್. ಹಳೆಯ ಗೋದಾಮಿನಲ್ಲಿ ನಡೆಯುವ ಪುಟ್ಟ ರೈಫಲ್ ಕ್ಲಬ್ಬಿನಲ್ಲಿ ಅವರದೇ ದರ್ಬಾರು. ವರ್ಷಕ್ಕೊಮ್ಮೆ ಶಿವಮೊಗ್ಗದ ಕ್ಲಬ್ಬಿನೊಂದಿಗೆ ನಡೆಯುವ ಪಂದ್ಯದಲ್ಲಿ ಭದ್ರಾವತಿಯ ಮಾನ ಉಳಿಸುವವರು ತಾವೇ ಎಂದು ಹೇಳಿಕೊಳ್ಳುತ್ತಿದ್ದರು. ಸುಳ್ಳೇನೂ ಅಲ್ಲ.

ಈ ವರ್ಷ ಅವರಿಗೆ ಎದೆನೋವು ಬಂತು. ಡಾಕ್ಟರು ಬದುಕಿಸಿ, ದಿನಾ ಬೆಳಿಗ್ಗೆ ಒಂದು ಮಾತ್ರೆ ನುಂಗಲು ಹೇಳಿದರು. ತಪ್ಪಿಸಿದರೆ ಜೀವಕ್ಕೇ ಕುತ್ತು ಎಂದರು. ಕ್ಲಬ್ಬಿನ ಕಾರ್ಯದರ್ಶಿ ವೇದಾ ಮೇಡಂ ಆ ಮಾತ್ರೆಯ ಹೆಸರು ನೋಡಿ ಸಪ್ಪಗಾದರು. ಅದು ಎದೆಬಡಿತ ನಿಧಾನ ಮಾಡುವ ಔಷಧಿ. ನುಂಗಿದವರ ಕೈ ನಡುಗುವುದಿಲ್ಲ ಎಂದೇ ಗುರಿ ಹೊಡೆಯುವ ಪಂದ್ಯಗಳಲ್ಲಿ ಅದಕ್ಕೆ ನಿಷೇಧ.

"ಆಟ ಬಿಡಿ ಸಾಬ್ರೇ, ಮೊದಲು ಜೀವ ನೋಡ್ಕೊಳ್ಳಿ," ಎಂದರು ಮೇಡಂ.

ಸಾಬರು ತಲೆಯಾಡಿಸಿದರು, ಮನಸ್ಸು ಒಪ್ಪಲಿಲ್ಲ. ಮರುದಿನದಿಂದ ಮಾತ್ರೆಯನ್ನು ಬಾಯಿಗೆ ಹಾಕಿಕೊಂಡಂತೆ ಮಾಡಿ ಅಂಗಿಯ ಜೇಬಿಗೆ ಇಳಿಸತೊಡಗಿದರು. ಪಂದ್ಯ ಮುಗಿಯುವವರೆಗೆ ತಾನೇ ಎಂಬ ಭಂಡಧೈರ್ಯ.

ಬಟ್ಟೆ ಒಗೆಯುವಾಗ ಮಾತ್ರೆಗಳು ಹೆಂಡತಿ ಸಲೀಮಾ ಅವರ ಕೈಗೆ ಸಿಕ್ಕವು. ಅವರು ಸೀದಾ ಕ್ಲಬ್ಬಿಗೆ ಬಂದು ಮೇಡಂ ಮೇಜಿನ ಮೇಲೆ ಸುರಿದರು.

"ನನ್ ಮಾತು ಕೇಳಲ್ಲ ಮೇಡಂ, ನೀವಾದ್ರೂ ಹೇಳಿ."

ಅಲ್ಲೇ ಇದ್ದ ಸಾಬರು ತಲೆ ತಗ್ಗಿಸಿದರು. "ಬಂದೂಕು ಇಲ್ದಿದ್ರೆ ಇಲ್ಲಿ ನನಗೇನು ಕೆಲ್ಸ ಮೇಡಂ?"

ವೇದಾ ಮೇಡಂ ಬೈಯಲಿಲ್ಲ. "ಮಾತು ಜಾಸ್ತಿ ಅಂತ ಇಷ್ಟು ವರ್ಷ ಬೈಸ್ಕೊಂಡ್ರಲ್ಲ ಮಾರಾಯ್ರೆ. ಪಂದ್ಯದಲ್ಲಿ ಗುಂಡು ತುಂಬಿ, ಹೊಡೀರಿ ಅಂತ ಆರ್ಡರ್ ಕೊಡೋಕೆ ಅಂಥ ಗಂಟಲೇ ಬೇಕು. ಈ ಸಲ ನೀವೇ ಕೊಡಿ."

ಪಂದ್ಯದ ಬೆಳಿಗ್ಗೆ ಎರಡೂ ಊರಿನವರು ಸಾಲಾಗಿ ನಿಂತರು. ಸಾಬರು "ಲೋಡ್" ಎಂದ ಮೇಲೆಯೇ ರೈಫಲ್ಲಿಗೆ ಗುಂಡು ತುಂಬಬೇಕು. ಸಾಬರು ಕೂಗಿದರು. ಒಬ್ಬರೂ ಅಲುಗಲಿಲ್ಲ.

"ನೀವು ಮಾತ್ರೆ ನುಂಗೋವರೆಗೂ ಲೋಡ್ ಮಾಡಬೇಡಿ ಅಂತ ಮೇಡಂ ಹೇಳಿದಾರೆ ಸಾಬ್ರೇ," ಎಂದ ಶಿವಮೊಗ್ಗದ ರವಿಶಂಕರ. ಹೋದ ವರ್ಷ ಸಾಬರ ಕೈಲಿ ಸೋತವನು ಅವನೇ. ಹಿಂದೆ ಸಲೀಮಾ ಮಾತ್ರೆ, ನೀರಿನ ಲೋಟ ಹಿಡಿದು ನಿಂತಿದ್ದರು.

ಸಾಬರ ಕಣ್ಣು ತುಂಬಿತು. ಸೋತವರೂ ತನ್ನ ಜೀವ ಕಾಯುತ್ತಿದ್ದಾರೆ, ಇವರ ಋಣ ಹೇಗೆ ತೀರಿಸಲಿ ಎನ್ನಿಸಿತು. ಮಾತ್ರೆ ನುಂಗಿದರು. ಬಾಯಿ ಅಗಲವಾಗಿ ತೆರೆದು, ನಾಲಿಗೆ ಎತ್ತಿ ಸಲೀಮಾಗೆ ತೋರಿಸಿದರು. ಆಮೇಲೆ ಗಂಟಲು ಸರಿಮಾಡಿಕೊಂಡು ಮತ್ತೆ ಕೂಗಿದರು: "ಲೋಡ್."