ಐದು ವರ್ಷದೊಳಗಿನವರಿಗೆ ಪ್ರವೇಶವಿಲ್ಲ

ಮೇ ತಿಂಗಳು ಬಂತೆಂದರೆ ನನ್ನ ತಲೆ ಕೆಟ್ಟು ಮೊಸರು ಗಡಿಗೆಯಾಗುತ್ತದೆ. ಬೆಂಗಳೂರಿನಿಂದ ಒಂದು ತಂಡ ನಮ್ಮ ಇಳಕಲ್ಲಿಗೆ ಬಂದು, ಚರ್ಚಿನ ಅಂಗಳದಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಮಕ್ಕಳ ಶಿಬಿರ ನಡೆಸುತ್ತದೆ. ಬೆಳಿಗ್ಗೆ ಎಂಟರಿಂದ ಹನ್ನೆರಡರವರೆಗೆ ಹಾಡು, ಕಥೆ, ಆಟ. ಮಕ್ಕಳನ್ನು ಕೂಡಿಸಿಕೊಡುವ ಕೆಲಸ ಮಾತ್ರ ನನ್ನದು. ಸರಕಾರಿ ಸಾಲೆಯಲ್ಲಿ ಕಲಿಸಿ ನಿವೃತ್ತಳಾದವಳು ನಾನು. ಸುತ್ತಲಿನ ಓಣಿಗಳ ಅರ್ಧ ತಾಯಂದಿರು ನನ್ನ ಕೈಯಲ್ಲೇ ಮಗ್ಗಿ ಕಲಿತವರು. ಹಾಗಾಗಿ ದರ್ಗಾದ ಓಣಿಯವರಾಗಲಿ, ಬೀರಪ್ಪನ ಗುಡಿ ಓಣಿಯವರಾಗಲಿ, "ಅಕ್ಕೋರು ಅದಾರಲ್ಲ, ಹೋಗ್ರಿ" ಎಂದು ಮಕ್ಕಳನ್ನು ಅಟ್ಟುತ್ತಾರೆ. ಬಿಸಿಲಲ್ಲಿ ಅಲೆಯುವುದು ತಪ್ಪಿದರೆ ಸಾಕು ಅವರಿಗೆ.

ಹೋದ ಬೇಸಿಗೆಯ ತಂಡದ ಮುಂದೆ ಅದರ ಹಿಂದಿನವರೆಲ್ಲ ದೇವದೂತರು. ಐದು ಜನ, ಐವರದೂ ಒಂದೇ ನೀಲಿ ಅಂಗಿ. ತಂಡದ ನಾಯಕ ಇಪ್ಪತ್ತೈದರ ಹುಡುಗ, ಕನ್ನಡಕದವನು, ಕೈಯಲ್ಲಿ ಸದಾ ಒಂದು ದಪ್ಪ ಪುಸ್ತಕ. ಶಿಬಿರದ ಪ್ರತಿ ನಿಮಿಷಕ್ಕೆ ಏನು ಮಾಡಬೇಕೆಂದು ಅದರಲ್ಲಿ ಅಚ್ಚಾಗಿತ್ತು. ಆ ವರ್ಷದ ವಿಷಯ ಸಮುದ್ರವಂತೆ. ಗೋಡೆ ತುಂಬ ಕಾಗದದ ಮೀನು, ಹಡಗು, ಲಂಗರು. ನಮ್ಮ ಮಕ್ಕಳು ಕಂಡ ದೊಡ್ಡ ನೀರೆಂದರೆ ಆಲಮಟ್ಟಿಯ ಹಿನ್ನೀರು. ಎಂಟು ಕಾಲಿನ ಆಕ್ಟೋಪಸನ್ನು ಜೇಡವೆಂದು ತಿಳಿದು ಒಬ್ಬ ಮೊದಲ ದಿನವೇ ಚಪ್ಪಲಿಯಿಂದ ಹೊಡೆದ. ನಾನು ಬಾಯಿ ಬಿಡಲಿಲ್ಲ. ಬಾಗಲಕೋಟೆಯಲ್ಲಿ ರೈಲು ಇಳಿದು ಬಸ್ಸಿನಲ್ಲಿ ಬರುವಾಗ ಆ ಹುಡುಗ ಅಮೀನಗಡದಿಂದ ನನಗೆಂದು ಒಂದು ಡಬ್ಬಿ ಕರದಂಟು ತಂದಿದ್ದ. ಕರದಂಟು ತಿಂದ ಬಾಯಿಂದ ಜಗಳ ಹೇಗೆ ಶುರುಮಾಡಲಿ?

ಸೋಮವಾರ ಅರವತ್ತು ಮಕ್ಕಳು ಬಂದರು. ಅರವತ್ತು ಎಂದರೆ ನಡೆದು ಬಂದವರು. ಸೊಂಟದ ಮೇಲೆ ಕೂತು ಬಂದವರು ಬೇರೆ. ನಮ್ಮಲ್ಲಿ ಎಂಟು ಹತ್ತು ವರ್ಷದ ಹುಡುಗಿ ರಜೆಯಲ್ಲಿ ಬರಿಗೈಲಿ ಹೊರಗೆ ಬರುವುದೇ ಇಲ್ಲ. ಬಗಲಲ್ಲಿ ತಮ್ಮನೋ ತಂಗಿಯೋ ಇರಲೇಬೇಕು. ಅವ್ವ ಮಗ್ಗದಲ್ಲಿರುತ್ತಾಳೆ, ಅಪ್ಪ ಕಲ್ಲಿನ ಕ್ವಾರಿಯಲ್ಲಿ. ಕೂಸನ್ನು ಮತ್ತೆ ಯಾರು ನೋಡಬೇಕು?

ಹಾಡು ಶುರುವಾಯಿತು. ನಾಯಕ ಗಿಟಾರು ಹಿಡಿದು ಕುಣಿಯುತ್ತ, "ಎರಡೂ ಕೈ ಮೇಲೆತ್ತಿ!" ಎಂದು ಕೂಗಿದ. ಹುಡುಗರು ಎರಡೂ ಎತ್ತಿದರು. ಹುಡುಗಿಯರಲ್ಲಿ ಹತ್ತು ಹನ್ನೆರಡು ಜನ ಒಂದೇ ಕೈ ಎತ್ತಿದರು. ಅವನು ಮತ್ತೂ ಜೋರಾಗಿ ಕೂಗಿದ. ಅವರು ಅದೇ ಒಂದು ಕೈಯನ್ನು ಮತ್ತೂ ಮೇಲೆತ್ತಿದರು. ಹಾಡು ಮುಗಿದ ಮೇಲೆ ನನ್ನ ಹತ್ತಿರ ಬಂದು, ಬೆವರು ಒರೆಸಿಕೊಳ್ಳುತ್ತ ಹೇಳಿದ: "ಆಂಟಿ, ಇಲ್ಲಿನ ಹೆಣ್ಣುಮಕ್ಕಳಿಗೆ ಸ್ವಲ್ಪ ಉತ್ಸಾಹ ಕಡಿಮೆ ಅಲ್ವಾ?"

"ಉತ್ಸಾಹ ಅಲ್ಲಪಾ ಕಡಿಮಿ, ಕೈ ಕಡಿಮಿ" ಅಂದೆ. ಅವನು ನಕ್ಕ. ನಾನು ತಮಾಷೆ ಮಾಡಿದೆನೆಂದು ತಿಳಿದ.

ಮಂಗಳವಾರ ನಾನು ಉಪ್ಪಿಟ್ಟಿನ ಪಾತ್ರೆ ಹೊರಿಸಿಕೊಂಡು ಬರುವಷ್ಟರಲ್ಲಿ ಅರ್ಧ ತಾಸು ತಡವಾಯಿತು. ಗೇಟಿನಲ್ಲಿ ನೀಲಿ ಅಂಗಿಯ ಹುಡುಗಿಯೊಬ್ಬಳು ಪಟ್ಟಿ ಹಿಡಿದು ನಿಂತಿದ್ದಳು. ಒಳಗೆ ನೋಡಿದರೆ ಬಹುತೇಕ ಗಂಡುಹುಡುಗರೇ. "ಹುಡುಗ್ಯಾರು ಎಲ್ಲೆವ್ವಾ?" ಎಂದೆ. ಆಕೆ ಪುಸ್ತಕದ ಪುಟ ತೋರಿಸಿದಳು. ಐದು ವರ್ಷದೊಳಗಿನವರಿಗೆ ಪ್ರವೇಶವಿಲ್ಲ. ಮಕ್ಕಳ ಸುರಕ್ಷತೆಯ ನಿಯಮ. ಕೂಸನ್ನು ಮನೆಯಲ್ಲಿ ಬಿಟ್ಟು ಬನ್ನಿ ಎಂದು ಎಲ್ಲರನ್ನೂ ನಯವಾಗಿ ತಿರುಗಿ ಕಳಿಸಿದ್ದಳಂತೆ. ಯಪ್ಪಾ ದೇವರೇ! ಮನೆಯಲ್ಲಿ ಯಾರ ಹತ್ತಿರ ಬಿಡಬೇಕಂತೆ, ಒಲೆಗಲ್ಲಿನ ಹತ್ತಿರವೋ?

ಬುಧವಾರವೂ ಅದೇ ಕಥೆ. ಆ ದಿನ ಚರ್ಚಿನ ಗೋಡೆಯ ಹೊರಗೆ ಬೇವಿನ ನೆರಳಲ್ಲಿ ಒಬ್ಬಳು ನಿಂತಿದ್ದಳು. ನಾನು ನಿವೃತ್ತಳಾಗುವ ವರ್ಷ ಎರಡನೇ ಇಯತ್ತೆಯಲ್ಲಿದ್ದವಳು, ಈಗ ಹತ್ತು ವರ್ಷ. ಖೋಖೋದಲ್ಲಿ ಅವಳನ್ನು ಐದನೇ ಇಯತ್ತೆಯ ಹುಡುಗರಿಗೂ ಮುಟ್ಟಲು ಆಗುತ್ತಿರಲಿಲ್ಲ. ಮೀನು ಜಾರಿದ ಹಾಗೆ ಜಾರುತ್ತಿದ್ದಳು. ಆಮೇಲೆ ತಮ್ಮ ಹುಟ್ಟಿದ. ಈಗ ಒಂದೂವರೆ ವರ್ಷದ ಆ ಮಹಾರಾಯ ಅವಳ ಸೊಂಟದ ಮೇಲೆ ಕೂತು, ಅವಳ ಜಡೆಯ ತುದಿಯನ್ನು ಬಾಯಲ್ಲಿಟ್ಟುಕೊಂಡಿದ್ದ.

"ಅಕ್ಕೋರ, ಶುಕ್ರವಾರ ಖರೇನ ಖೋಖೋ ಆಡಸ್ತಾರೇನ್ರಿ?"

ಖರೆಯೇ. ಸಮಾರೋಪಕ್ಕೆ ಬಲೂನು ಒಡೆಯುವ ಆಟ ಬೇಡ, ನಮ್ಮ ಓಣಿಗೂ ಪ್ಯಾಟಿ ಓಣಿಗೂ ಹುಡುಗಿಯರ ಖೋಖೋ ಇಡಿ ಎಂದು ಹಠ ಹಿಡಿದು ಒಪ್ಪಿಸಿದವಳು ನಾನೇ.

"ಯಾರರ ಇವನ್ನ ಹಿಡಕೊಂಡ್ರ ನಾ ಆಡ್ತೇನ್ರಿ. ಒಂದ ಆಟ ಸಾಕ್ರಿ" ಎಂದಳು. ಬೇಡುವ ದನಿಯಲ್ಲ ಅದು. ಲೆಕ್ಕ ಹಾಕಿ, ತನಗೆಷ್ಟು ಸಿಗಬಹುದೆಂದು ತೂಗಿ ನೋಡಿ ಕೇಳಿದ ಹಾಗಿತ್ತು. ಹತ್ತು ವರ್ಷದ ಹುಡುಗಿ! ನನಗೆ ಎಲ್ಲಿಲ್ಲದ ಸಿಟ್ಟು ಬಂತು.

ಆ ಸಿಟ್ಟಿನಲ್ಲೇ ಒಳಗೆ ಹೋದೆ. ನಾಯಕ ಎದುರು ಬಂದು, "ಆಂಟಿ, ಹುಡುಗಿಯರು ಯಾಕೆ ಬರ್ತಿಲ್ಲ? ಪೋಷಕರು ಕಳಿಸ್ತಿಲ್ವಾ?" ಎಂದು ಕೇಳಬೇಕೇ! ಕರದಂಟಿನ ಋಣ ಅಲ್ಲಿಗೆ ಹರಿಯಿತು.

"ನೀವ ಗೇಟಿನ್ಯಾಗ ಹೊಳ್ಳಿಸಿ ಕಳಿಸಿ, ಯಾಕ ಬಂದಿಲ್ಲಂತ ನನ್ನ ಕೇಳ್ತಿಯೇನಪಾ? ಕೂಸು ಬ್ಯಾಡಂದ್ರ ಅಕ್ಕನೂ ಬ್ಯಾಡಂದಂಗ. ನಿಮ್ಮ ಪುಸ್ತಕ ಬರದಾಂವ ಎಂದಾರ ಕೂಸು ಹೊತ್ತಾನೇನು?"

ಚರ್ಚಿನ ಸಭಾಪಾಲಕರು ಹೊರಗೆ ಬಂದು ನೋಡಿ, ನನ್ನ ಮುಖ ಕಂಡು ಹಾಗೇ ಒಳಗೆ ಹೋದರು. ನಾಯಕ ಮಾತ್ರ ಸುಮ್ಮನೆ ನಿಂತು ಕೇಳಿಸಿಕೊಂಡ. ಅದು ಅವನ ದೊಡ್ಡಗುಣ, ಒಪ್ಪುತ್ತೇನೆ. ಪುಸ್ತಕ ಮುಚ್ಚಿ, "ಹಾಗಾದ್ರೆ ಕೂಸುಗಳನ್ನ ಏನು ಮಾಡೋಣ?" ಎಂದ.

ಗುರುವಾರ ಚರ್ಚಿನ ಪಡಸಾಲೆಯ ತೊಲೆಗಳಿಗೆ ಹಳೇ ಸೀರೆಯ ಒಂಬತ್ತು ಜೋಳಿಗೆ ಕಟ್ಟಿಸಿದೆ. ಒಂಬತ್ತರಲ್ಲೂ ಕೂಸು. ನೀಲಿ ಅಂಗಿಯವರು ಇಬ್ಬರು ಎರಡೂ ಕೈಯಿಂದ ತೂಗಿದ್ದೇ ತೂಗಿದ್ದು. ಒಂದು ಮಲಗಿದರೆ ಇನ್ನೊಂದು ಏಳುತ್ತಿತ್ತು. ಒಂದು ಅವರ ಹೊಸ ಅಂಗಿಯ ಮೇಲೆ ಉಚ್ಚೆ ಹೊಯ್ದಿತು. ಹೊಯ್ಯಲಿ ಬಿಡು ಎಂದುಕೊಂಡೆ. ಅಂಗಳದಲ್ಲಿ ಹುಡುಗಿಯರ ಗದ್ದಲ ಕೇಳಿ ನನ್ನ ಜೀವ ತಂಪಾಯಿತು.

ತಂಪಾಗಿದ್ದು ಕಾಲು ತಾಸು. ಆ ಹುಡುಗಿಯ ತಮ್ಮ ಜೋಳಿಗೆಗೆ ಬೀಳಲಿಲ್ಲ. ಯಾರ ಕೈಗೂ ಹೋಗಲಿಲ್ಲ. ಗೊಂಬೆ ಆಡಿಸಿದರು, ಗಿಟಾರು ಬಾರಿಸಿದರು, ಬಿಸ್ಕೀಟು ಕೊಟ್ಟರು. ಬಿಸ್ಕೀಟು ತಿಂದು ಮತ್ತೆ ಅತ್ತ. ಕೊನೆಗೆ ನಾನೇ ಎತ್ತಿಕೊಂಡೆ. ಮೊಣಕಾಲು ನೋವಿನ ಮುದುಕಿ ಅಂಗಳ ತುಂಬ ಸುತ್ತಿ ಸುತ್ತಿ ಸಾಕಾದೆ. ಅವನು ನನ್ನ ಕಿವಿಯೋಲೆ ಜಗ್ಗಿದ, ಭುಜ ಕಚ್ಚಿದ, ಅತ್ತೂ ಅತ್ತೂ ನನ್ನ ಸೀರೆಯ ಮೇಲೆ ವಾಂತಿ ಮಾಡಿಕೊಂಡ. ಅಕ್ಕ ಅಭ್ಯಾಸದ ಆಟದ ನಡುವಿನಿಂದ ಹೊರಬಂದು ಅವನನ್ನು ನನ್ನಿಂದ ತೆಗೆದುಕೊಂಡಳು. ಮೂರು ಸಲ ಹೀಗಾಯಿತು. ಮೂರನೆಯ ಸಲ, "ಇರ್ಲಿ ಬಿಡ್ರಿ ಅಕ್ಕೋರ, ನಾ ನಾಳೆ ನೋಡಾಕ ಬರ್ತೇನಿ" ಎಂದು ಮನೆ ಕಡೆ ನಡೆದಳು.

ನೋಡಾಕ ಬರ್ತಾಳಂತೆ! ನಾನು ವಾಂತಿಯ ಸೀರೆಯಲ್ಲೇ ಅವಳವ್ವ ನೇಯುವ ಮನೆಗೆ ಹೋದೆ. ಆಕೆ ಬೇರೆಯವರ ಮಗ್ಗದಲ್ಲಿ ಕೂಲಿಗೆ ನೇಯುವವಳು. ಕುಣಿಮಗ್ಗ, ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ನಾನು ಬಾಗಿಲಲ್ಲಿ ನಿಂತದ್ದು ಕಂಡರೂ ಲಾಳಿ ನಿಲ್ಲಿಸಲಿಲ್ಲ.

"ನಾಳೆ ಒಂದ ತಾಸು ಬಂದು ಕೂಸಿನ್ನ ಹಿಡಕೋ. ನಿನ್ನ ಮಗಳು ಆಡ್ಲಿ" ಎಂದೆ.

"ಹೆಂಗ ಬರ್ಲಿರಿ ಅಕ್ಕೋರ? ಶನಿವಾರ ಸೀರಿ ಮಗ್ಗದಿಂದ ಕೊಯ್ದು ಕೊಡಬೇಕ್ರಿ. ನೇಯೂದು ಇನ್ನ ಒಂದು ಮೊಳದ ಮ್ಯಾಲ ಉಳದೈತಿ."

"ಹಂಗಾದ್ರ ಇಲ್ಲೇ ಬಗಲಾಗ ಕುಂದ್ರಿಸ್ಕೋ."

"ಎಳಿಗೆ ಕೈ ಹಾಕ್ತತ್ರಿ. ಹಾಸಿನ ಎಳಿ ಹರದ್ರ ನನ್ನ ಮಗ್ಗದಾಗ ಇಟ್ಕೋತಾರೇನ್ರಿ?"

ಇಷ್ಟಕ್ಕೆ ನಾನು ಸುಮ್ಮನಾಗಬೇಕಿತ್ತು. ಆಗಲಿಲ್ಲ. ನಾಲ್ಕು ದಿನದ ಸಿಟ್ಟೆಲ್ಲ ಆಕೆಯ ತಲೆಯ ಮೇಲೆ ಸುರಿದೆ. "ಹಡದಾಕಿ ನೀನೋ, ಆ ಹುಡುಗಿನೋ? ನಿನ್ನ ಕೂಸು ನೀ ಒಂದ ತಾಸು ಹಿಡಕೊಳಾಕ ಆಗಂಗಿಲ್ಲೇನು?"

ಲಾಳಿ ನಿಂತಿತು. ಆಕೆ ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಲಾಳಿ ಮತ್ತೆ ಓಡಾಡಲು ಶುರುವಾಯಿತು. ನಾನು ಬಿರಬಿರನೆ ಮನೆಗೆ ಬಂದೆ. ಸ್ನಾನ ಮಾಡುವಾಗ ನನ್ನ ಮಾತು ನನಗೇ ನೆನಪಾಗಿ ನಾಲಗೆ ಕಚ್ಚಿಕೊಂಡೆ. ಆದರೆ ಆಡಿದ ಮಾತು ಹೊಳ್ಳಿ ಬಾಯಿಗೆ ಬರುತ್ತದೆಯೇ?

ಶುಕ್ರವಾರ ಚರ್ಚಿನ ಹಿಂದಿನ ಬಯಲಲ್ಲಿ ಪಂದ್ಯ. ಆ ಹುಡುಗಿ ಹೇಳಿದಂತೆ ನೋಡಲು ಬಂದಳು. ನಾನು ಕೇಳದೆ ಕೂಸನ್ನು ಅವಳ ಬಗಲಿನಿಂದ ಕಸಿದುಕೊಂಡು, "ಅಳ್ಲಿ. ಅತ್ತ್ರ ಸಾಯಂಗಿಲ್ಲ. ನೀ ಹೋಗು" ಎಂದೆ. ನಮ್ಮ ಓಣಿಯ ಸರದಿ ಓಡುವುದು. ಕೊನೆಯ ಮೂವರಲ್ಲಿ ಇವಳೊಬ್ಬಳು. ಕೂಸು ನನ್ನ ಕೈಯಲ್ಲಿ ಬಿಲ್ಲಿನಂತೆ ಹಿಂದಕ್ಕೆ ಬಾಗಿ ಕಿರುಚತೊಡಗಿತು. ಒಬ್ಬಳು ಔಟಾದಳು, ಇನ್ನೊಬ್ಬಳೂ ಔಟಾದಳು. ಉಳಿದವಳು ಇವಳೇ. ಇವಳು ಔಟಾಗದೆ ಎರಡು ನಿಮಿಷ ನಿಂತರೆ ಪಂದ್ಯ ನಮ್ಮದು. ಆದರೆ ಕೂಸು ಕಿರುಚಿದಾಗೆಲ್ಲ ಅವಳ ಕುತ್ತಿಗೆ ಈ ಕಡೆ ತಿರುಗುತ್ತಿತ್ತು. ಹಿಡಿಯುವವಳ ಬೆರಳು ಅವಳ ಜಡೆಯನ್ನು ಸವರಿ ಹೋಯಿತು. ಆ ಕೂಸಿನ ಬಾಯಿ ಮುಚ್ಚಿಬಿಡಲೇ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಆಗ ಹಿಂದಿನಿಂದ ಯಾರೋ ಕೂಸನ್ನು ನನ್ನಿಂದ ತೆಗೆದುಕೊಂಡರು. ಅವಳವ್ವ. ಓಡಿ ಬಂದಿದ್ದಳು, ಏದುಸಿರು, ಕೂದಲ ತುಂಬ ನೂಲಿನ ಹಿಂಜು. ಕೂಸನ್ನು ಎದೆಗೆ ಒತ್ತಿಕೊಂಡು ಬೆನ್ನು ತಟ್ಟಿದಳು. ಅಬ್ಬ, ಅವ್ವ ಬಂದಳಲ್ಲ, ಇನ್ನು ಸುಮ್ಮನಾಗುತ್ತದೆ ಎಂದುಕೊಂಡೆ.

ಸುಮ್ಮನಾಗಲಿಲ್ಲ. ನನ್ನ ಕೈಯಲ್ಲಿ ಅತ್ತದ್ದಕ್ಕಿಂತ ಜೋರಾಗಿ ಅತ್ತಿತು. ಎರಡೂ ಕೈ ಬಯಲಿನ ಕಡೆ ಚಾಚಿ, ಹಡೆದವಳ ಎದೆಗೆ ಕಾಲಿನಿಂದ ಒದ್ದು, ಅಕ್ಕನ ಕಡೆ ಜಿಗಿಯಿತು. ಒಮ್ಮೆ ಅಲ್ಲ, ಮತ್ತೆ ಮತ್ತೆ.

"ನನ್ನ ಕಡೆ ಬರಂಗಿಲ್ರೀ ಇದು, ಅಕ್ಕೋರ" ಎಂದಳು ಆಕೆ ಮೆಲ್ಲಗೆ. "ನಾ ಬಂದು ಏನ್ ಉಪಯೋಗ ಅಂತ ನಿನ್ನೆ ಹೆಂಗ ಹೇಳ್ಲಿರಿ ನಿಮಗ."

ಹಿಡಿಯುವವಳು ಆಚೆ ತುದಿಯ ಕಂಬ ಸುತ್ತಿ ಬರುವಷ್ಟರಲ್ಲಿ ಹುಡುಗಿ ಬಯಲಲ್ಲಿ ನಿಂತುಬಿಟ್ಟಿದ್ದಳು. ಅವ್ವನನ್ನು ನೋಡಿದಳು, ತಮ್ಮನನ್ನು ನೋಡಿದಳು. ಗೆರೆ ದಾಟಿ ಬರಲು ಒಂದು ಹೆಜ್ಜೆ ಇಟ್ಟೇಬಿಟ್ಟಳು.

"ಬರಬ್ಯಾಡ!" ಅವ್ವ ಚೀರಿದಳು. ಆ ದನಿಗೆ ಇಡೀ ಬಯಲು ತಿರುಗಿ ನೋಡಿತು. "ಇತ್ತಾಗ ನೋಡಬ್ಯಾಡ! ಓಡು, ನನ್ನವ್ವ, ಓಡು!"

ಹುಡುಗಿ ತಿರುಗಿದಳು. ಓಡಿದಳು. ಕೂಸು ಅವ್ವನ ಮುಖಕ್ಕೆ ಎರಡೂ ಕೈಯಿಂದ ಬಡಿಯುತ್ತಿತ್ತು. ಆಕೆ ಬಡಿಸಿಕೊಳ್ಳುತ್ತಲೇ, ಮಗಳಿಂದ ಕಣ್ಣು ಕೀಳದೆ, ಗಂಟಲು ಹರಿಯುವ ಹಾಗೆ ಕೂಗುತ್ತ ನಿಂತಳು.